ಕಣ್ಣಂದಾಜಿಗೆ ಸಿಗದ ನೆತ್ತರು

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಹದಿನಾಲ್ಕು ಕಿಲೋಮೀಟರ್ ಹೋದರೆ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರ. ಬೆಳಿಗ್ಗೆ ಮಾವುತರು, ಕಾವಾಡಿಗರು ತುಂಗೆಯಲ್ಲಿ ಆನೆಗಳ ಮೈ ತಿಕ್ಕುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಇಂಥ ಬಿಡಾರಗಳಲ್ಲಿ ನೋಡಲು ಬಂದವರ ಗಮನಕ್ಕೆ ಬೀಳದ ಒಂದು ಶಿಸ್ತಿರುತ್ತದೆ. ಅದು ಅಳತೆಯ ಶಿಸ್ತು. ತೂಕದ ಯಂತ್ರ ಇಲ್ಲದ ಕಡೆ ಆನೆಯ ಎದೆಯ ಸುತ್ತಳತೆ ತೆಗೆದು, ಅದರಿಂದ ತೂಕ ಲೆಕ್ಕ ಹಾಕಿ, ಆ ತೂಕಕ್ಕೆ ತಕ್ಕ ಮದ್ದು ಕೊಡುವುದು ಆನೆ ವೈದ್ಯರ ಹಳೆಯ ರೂಢಿ. ಟನ್ನುಗಟ್ಟಲೆ ತೂಗುವ ಪ್ರಾಣಿಯನ್ನೂ ಕಣ್ಣಂದಾಜಿಗೆ ಬಿಡುವುದಿಲ್ಲ.

ಬಿಡಾರದ ಬೆನ್ನಿಗೇ ಶೆಟ್ಟಿಹಳ್ಳಿ ಅಭಯಾರಣ್ಯ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ ಮಠ ಮುಳುಗಿಸಿಕೊಂಡು ಎದ್ದು ಬಂದ ಸಂಸಾರಗಳ ಹಳ್ಳಿಗಳು ಆ ಕಾಡಿನೊಳಗಿವೆ. ನಾಡಿಗೆ ಕರೆಂಟು ಕೊಟ್ಟವರ ಮನೆಗೇ ದಶಕಗಳ ಕಾಲ ಕರೆಂಟು ಬರಲಿಲ್ಲ. ಹೊಳೆ, ಹಳ್ಳ, ಆನೆ, ಜಾರುವ ದಾರಿ ಎಲ್ಲ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟಬೇಕು. ಮಲೆನಾಡಿನ ಒಂಟಿಮನೆಗಳ ಹೆಂಗಸರು ಹೆರುತ್ತಿದ್ದುದು ಬುಡ್ಡಿ ದೀಪದ ಬೆಳಕಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮಗು ಅತ್ತಿತು, ಮಾಸು ಬಿತ್ತು. ಆಮೇಲೆ ಬಾಣಂತಿಯ ಮೈಯಿಂದ ಹೋದ ರಕ್ತ ಎಷ್ಟು? ಈ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇರಲಿಲ್ಲ.

ಉತ್ತರದ ಅರ್ಧ ಭಾಗ ಸಿಕ್ಕಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 2002ರಿಂದ 2005ರ ನಡುವೆ. ಉಳಿದರ್ಧ ಸಿಕ್ಕಿದ್ದು 2023ರಲ್ಲಿ, ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಹೆರಿಗೆ ಕೋಣೆಗಳಲ್ಲಿ. ಎರಡಕ್ಕೂ ನಡುವೆ ಇರುವುದು ಒಂದು ಪ್ಲಾಸ್ಟಿಕ್ ಹಾಳೆ.

ಮೊದಲು ಈ ರಕ್ತದ ವಿಷಯ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮಾಸು ಕಳಚಿ ಬಿದ್ದಾಗ ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವ ಕೆಲಸ ಗರ್ಭಕೋಶದ ಸ್ನಾಯುವಿನದು. ಅಡ್ಡಡ್ಡವಾಗಿ ಹೆಣೆದುಕೊಂಡ ಅದರ ಎಳೆಗಳು ಬಿಗಿದು, ನಡುವೆ ಹಾದ ನಾಳಗಳಿಗೆ ಕುಣಿಕೆ ಹಾಕಿ ಎಳೆದ ಹಾಗೆ ಹಿಸುಕಿ ನಿಲ್ಲಿಸುತ್ತವೆ. ಗರ್ಭಕೋಶ ಸುಸ್ತಾಗಿ ಬಿಗಿಯದೆ ಮೆತ್ತಗೆ ಉಳಿದರೆ ಕುಣಿಕೆ ಬೀಳುವುದಿಲ್ಲ. ರಕ್ತ ಹರಿಯುತ್ತಲೇ ಹೋಗುತ್ತದೆ. ಚಿಕಿತ್ಸೆಯಿಲ್ಲದ ಕಡೆ ಇಂಥ ಸ್ರಾವ ಶುರುವಾಗಿ ಪ್ರಾಣ ಹೋಗಲು ಸರಾಸರಿ ಎರಡು ತಾಸು ಸಾಕು ಎಂದು ವೈದ್ಯರು ಹೇಳುತ್ತಾರೆ. ಬಸುರಿಗೆ ನಂಜೇರಿದರೂ ಬಿಪಿ ಏರಿದರೂ ಒಂದೆರಡು ದಿನವಾದರೂ ಸಿಕ್ಕೀತು. ರಕ್ತಸ್ರಾವ ಅಷ್ಟು ಹೊತ್ತು ಕೊಡುವುದಿಲ್ಲ.

ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜವೇ. ಅರ್ಧ ಲೀಟರ್, ಅಂದರೆ 500 ಮಿಲಿಲೀಟರ್ ದಾಟಿದರೆ ಅದು ಅಪಾಯದ ಸ್ರಾವ ಎಂದು ವೈದ್ಯಶಾಸ್ತ್ರ ಗೆರೆ ಎಳೆದಿತ್ತು. ಗೆರೆ ಪುಸ್ತಕದಲ್ಲಿತ್ತು, ಹೆರಿಗೆಯ ಚಾಪೆಯ ಮೇಲೆ ಇರಲಿಲ್ಲ. ರಕ್ತ ಹಳೆ ಸೀರೆಗೆ ಹೀರಿತು, ಗೋಣಿಗೆ ಇಳಿಯಿತು, ಸಗಣಿ ಸಾರಿಸಿದ ನೆಲಕ್ಕೆ ಇಂಗಿತು, ನೆತ್ತಿನೀರಿನೊಂದಿಗೆ ಬೆರೆಯಿತು. 'ಕೆಟ್ಟ ರಕ್ತ, ಹೋಗಲಿ ಬಿಡು' ಎನ್ನುವ ಮನೆಯ ಹಿರಿಯಳ ಸಮಾಧಾನ ಬೇರೆ. ಕಣ್ಣಿನ ಇನ್ನೊಂದು ಮೋಸವೂ ಇದೆ: ಸ್ವಲ್ಪ ಹೋದಾಗ ಅಂದಾಜು ಸುಮಾರಾಗಿ ಸರಿಯಿರುತ್ತದೆ, ಹೆಚ್ಚು ಹೋದಷ್ಟೂ ಕಣ್ಣು ಕಡಿಮೆ ಹೇಳುತ್ತದೆ. ಪ್ರಾಯದ ಹೆಣ್ಣಿನ ಮೈ ಕೂಡ ಬೇಗ ಗುಟ್ಟು ಬಿಡುವುದಿಲ್ಲ. ಲೀಟರಿನಷ್ಟು ಹೋಗುವವರೆಗೂ ನಾಡಿ, ಬಿಪಿ ಹೇಗೋ ತಡೆದುಕೊಂಡು, ಆಮೇಲೆ ಒಮ್ಮೆಲೇ ಕೈಬಿಡುತ್ತವೆ. 'ಚೆನ್ನಾಗೇ ಇದ್ದಳು, ಮಾತಾಡ್ತಾ ಇದ್ದಳು, ಇದ್ದಕ್ಕಿದ್ದಂತೆ ಹೋಗಿಬಿಟ್ಟಳು' ಎಂದು ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಯವರು ಹೇಳಿಲ್ಲ!

ಗರ್ಭಕೋಶ ಬಿಗಿಸುವ ಮದ್ದು ಇರಲಿಲ್ಲವೇ ಎಂದರೆ, ಇತ್ತು. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಕರಿ ಬೂಷ್ಟು, ಎರ್ಗಟ್, ಯುರೋಪಿನ ಸೂಲಗಿತ್ತಿಯರ ಹಳೆಯ ಮದ್ದು. ಅದರ ಸತ್ವವಾದ ಎರ್ಗೊಮೆಟ್ರಿನ್ 1935ರಲ್ಲಿ ಬೇರ್ಪಟ್ಟಿತು. ಮೈಯೇ ತಯಾರಿಸುವ ಆಕ್ಸಿಟೋಸಿನ್ ಹಾರ್ಮೋನನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಆದರೆ ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ 2ರಿಂದ 8 ಡಿಗ್ರಿಯ ತಂಪು ಬೇಕು, ಸಿರಿಂಜು ಬೇಕು, ಚುಚ್ಚಲು ಅನುಮತಿಯಿರುವ ಕೈ ಬೇಕು. ದಿನಕ್ಕೆ ಆರು ತಾಸು ಕರೆಂಟ್ ತೆಗೆಯುವ ಊರಿನ ಸಬ್‌ಸೆಂಟರಿನಲ್ಲಿ ಫ್ರಿಜ್ಜಿನ ಮಾತೆಲ್ಲಿ ಬಂತು? 2001ರಿಂದ 2003ರ ಅವಧಿಯ ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, ದೇಶದಲ್ಲಿ 301. ಎಪ್ಪತ್ತು ವರ್ಷಗಳಿಂದ ಮದ್ದು ಗೊತ್ತಿದ್ದ ರೋಗಕ್ಕೆ ಈ ಸಾವು.

ಅಷ್ಟರಲ್ಲಿ ಹೊಟ್ಟೆಹುಣ್ಣಿನ ಒಂದು ಮಾತ್ರೆ ಹೆರಿಗೆ ವೈದ್ಯರ ಕಣ್ಣಿಗೆ ಬಿದ್ದಿತ್ತು. ಅಮೆರಿಕದ ಸರ್ಲ್ ಕಂಪನಿ 1970ರ ದಶಕದಲ್ಲಿ ಕಂಡುಹಿಡಿದ ಮಿಸೊಪ್ರೊಸ್ಟಾಲ್ ಅದು. ಬಸುರಿಯರು ನುಂಗಬಾರದು, ಗರ್ಭಕೋಶ ಹಿಂಡುತ್ತದೆ ಎಂದು ಅದರ ಪೊಟ್ಟಣದ ಮೇಲೆ ಎಚ್ಚರಿಕೆ. ಹೆರಿಗೆ ಆದ ಮೇಲೆ ನಮಗೆ ಬೇಕಾದ್ದು ಅದೇ ತಾನೆ! ಫ್ರಿಜ್ ಬೇಡ, ಸೂಜಿ ಬೇಡ, ಜೇಬಿನಲ್ಲಿಟ್ಟುಕೊಂಡು ನಡೆದು ಹೋಗಬಹುದು. ಗ್ಯಾಂಬಿಯಾದ ಹಳ್ಳಿಗಳಲ್ಲಿ ಸೂಲಗಿತ್ತಿಯರ ಕೈಯಿಂದಲೇ ಸಾವಿರದ ಇನ್ನೂರಕ್ಕೂ ಹೆಚ್ಚು ಮನೆ ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಗಿನಿ-ಬಿಸಾವಿನಲ್ಲೂ ಒಂದು ಪ್ರಯೋಗವಾಯಿತು. ಎರಡರ ಫಲಿತಾಂಶವೂ 2005ರಲ್ಲಿ ಹೊರಬಿತ್ತು. ಲಾಭದ ಸುಳಿವಿತ್ತು, ಆದರೆ ಅಂತರ ಚಿಕ್ಕದು. ಇದೇ ಸರಿ ಎಂದು ಮೇಜು ಕುಟ್ಟಿ ಹೇಳುವಷ್ಟು ಗಟ್ಟಿಯಾಗಿರಲಿಲ್ಲ.

ಟಾಂಜಾನಿಯಾದ ಕಿಗೋಮಾದಲ್ಲಿ ನಡೆದದ್ದು ನನಗೆ ಬಹಳ ಇಷ್ಟವಾದ ಪ್ರಯೋಗ. ಟಂಗನೀಕಾ ಸರೋವರದ ದಂಡೆಯ ಆ ಊರಿನ ಸೂಲಗಿತ್ತಿಯರಿಗೆ ಓದು ಬರಹ ಬರಲಿ ಬಾರದಿರಲಿ, ಅವರ ಮನೆಯಲ್ಲೆಲ್ಲ ಇರುವ ಬಟ್ಟೆ ಕಾಂಗಾ. ಹೆಂಗಸರು ಸೊಂಟಕ್ಕೆ ಸುತ್ತುವ, ತಲೆಗೆ ಹೊದೆಯುವ, ಮಗು ಕಟ್ಟಿಕೊಳ್ಳುವ, ಒಂದೇ ಅಳತೆಯಲ್ಲಿ ಜೋಡಿಯಾಗಿ ಮಾರುವ ಹತ್ತಿ ಬಟ್ಟೆ. ಹೆರಿಗೆಯಲ್ಲಿ ಹಾಸುವುದೂ ಅದನ್ನೇ. ವೈದ್ಯ ಗಾಡ್‌ಫ್ರೇ ಎಂಬಾರುಕು ಮತ್ತವರ ಸಂಗಡಿಗರು ಸೂಲಗಿತ್ತಿಯರಿಗೆ ಕಲಿಸಿದ್ದು ಇಷ್ಟೇ: ಎರಡು ಕಾಂಗಾ ನೆಂದರೆ ಅರ್ಧ ಲೀಟರ್ ದಾಟಿತು, ತಡಮಾಡದೆ ಮಿಸೊಪ್ರೊಸ್ಟಾಲ್ ಕೊಡಿ. ಅಳತೆಪಟ್ಟಿಯನ್ನು ಹೊರಗಿನಿಂದ ತರಲಿಲ್ಲ. ಆ ಹೆಂಗಸರ ಮೈಮೇಲೆ ಇದ್ದದ್ದನ್ನೇ ಅಳತೆ ಮಾಡಿಕೊಂಡರು. ಅದೇ ಹೊತ್ತಿಗೆ, ಸಾವಿರಾರು ಮೈಲಿ ದೂರದಲ್ಲಿ, ಬೆಳಗಾವಿಯ ವೈದ್ಯರು ಅದೇ ಗಂಟನ್ನು ಬೇರೆ ತುದಿಯಿಂದ ಬಿಚ್ಚುತ್ತಿದ್ದರು.

ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. ಅಲ್ಲಿನ ಹೆರಿಗೆ ತಜ್ಞ ಡಾ. ಭಾಲಚಂದ್ರ ಕೋಡ್ಕಣಿ, ಶರೀರಶಾಸ್ತ್ರದ ಪ್ರಾಧ್ಯಾಪಕ ಡಾ. ಶಿವಪ್ರಸಾದ ಗೌಡರ, ಅಮೆರಿಕದ ಡಾ. ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಇವರೆಲ್ಲ ಸೇರಿದ ತಂಡ ಅದು. ತಾಯಿ ಮಕ್ಕಳ ಆರೋಗ್ಯ ಸಂಶೋಧನೆಗೆಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ 2001ರಲ್ಲಿ ಕಟ್ಟಿದ ಜಾಗತಿಕ ಜಾಲದಲ್ಲಿ ಬೆಳಗಾವಿಗೂ ಜಾಗ ಸಿಕ್ಕಿತ್ತು. ಅವರು ಆಸ್ಪತ್ರೆ ಬಿಟ್ಟು ಹಳ್ಳಿಗೆ ಇಳಿದರು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ. ಹೆರಿಗೆ ಮಾಡಿಸುವವರು ಎಎನ್‌ಎಂಗಳು. ಹಳ್ಳಿಯವರ ಬಾಯಲ್ಲಿ ನರ್ಸಮ್ಮ, ಎದುರಿಗೆ ಸಿಕ್ಕರೆ ಸಿಸ್ಟರ್. ಕಾಗದದಲ್ಲಿ ಅವರ ಹುದ್ದೆಯ ಹೆಸರು ಆಗಾಗ ಬದಲಾಗಿದೆ, ಕೆಲಸ ಬದಲಾಗಿಲ್ಲ. ಈ ಪ್ರಯೋಗಕ್ಕೆ ಸೇರಿದವರು 25 ಮಂದಿ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಈ 25 ನರ್ಸಮ್ಮಂದಿರೇ. ಡಾಕ್ಟರು ಹೆರಿಗೆಯ ಜಾಗದಲ್ಲಿ ಇರಲಿಲ್ಲ. ಪ್ರಯೋಗದ ಅರ್ಥವೂ ಅದರಲ್ಲೇ ಇತ್ತು: ಡಾಕ್ಟರು ಇಲ್ಲದ ಕಡೆ ಏನು ಮಾಡಬಹುದು ಎಂಬುದೇ ಪ್ರಶ್ನೆ.

ಅಳೆಯುವುದು ಹೇಗೆ ಎಂಬಲ್ಲಿ ತಂಡ ಸಿಕ್ಕಿಕೊಂಡಿತು. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ 500 ಮಿಲಿಲೀಟರಿನ ಗೆರೆ ಯಾರು ದಾಟಿದರು, ಯಾರು ದಾಟಲಿಲ್ಲ ಎಂದು ಖಾತ್ರಿಯಾಗಿ ಗೊತ್ತಾಗಬೇಕು. ನರ್ಸಮ್ಮನ ಕಣ್ಣಂದಾಜನ್ನು ನಂಬಿದರೆ ಪ್ರಯೋಗ ಮಣ್ಣುಪಾಲು. ಬಟ್ಟೆ ತೂಗೋಣವೆಂದರೆ ಗುಡಿಸಲಿನಲ್ಲಿ ತಕ್ಕಡಿಯೆಲ್ಲಿ? ಬೆಡ್‌ಪ್ಯಾನ್ ಇಡೋಣವೆಂದರೆ ಅದಕ್ಕೆ ಮಂಚವೂ ಬೇಕು, ಬಾಣಂತಿ ಅಲುಗಾಡದೆ ಇರಬೇಕು. ಅವರು ಕಡೆಗೆ ಮಾಡಿದ್ದು ಒಂದು ತೆಳು ಪ್ಲಾಸ್ಟಿಕ್ ಹಾಳೆ. ಮೇಲುಭಾಗವನ್ನು ಬಾಣಂತಿಯ ಕೆಳಗೆ ಹಾಸುವುದು. ಹೊಟ್ಟೆಗೆ ಸುತ್ತಿ ಕಟ್ಟಲು ಎರಡು ಪಟ್ಟಿ. ಕೆಳತುದಿ ಕೊಳವೆಯ ಬಾಯಿಯಂತೆ ಕಿರಿದಾಗುತ್ತಾ ಹೋಗಿ ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಮಗು ಹುಟ್ಟಿ ನೆತ್ತಿನೀರು ಹರಿದುಹೋದ ಮೇಲೆ ಹಾಳೆ ಹಾಸಿದರೆ ಚೀಲಕ್ಕೆ ಬೀಳುವುದು ರಕ್ತ ಮಾತ್ರ. ಒಂದು ತಾಸು ಬಿಡುವುದು, ಹರಿವು ನಿಲ್ಲದಿದ್ದರೆ ಎರಡು ತಾಸು. ಗೆರೆ ನೋಡಿ ಬರೆದುಕೊಳ್ಳುವುದು. ಬ್ರಾಸ್-ವಿ ಎಂದು ಅದಕ್ಕೆ ಹೆಸರಿಟ್ಟರು, ಅದನ್ನು ರೂಪಿಸಿದ ಏಳು ಮಂದಿಯ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿ. ಹೆಸರು ಯಾರ ನಾಲಗೆಗೂ ಒಗ್ಗುವಂಥದ್ದಲ್ಲ. ಏಳು ಜನರನ್ನೂ ಸಂತೋಷಪಡಿಸಲು ಹೊರಟರೆ ಹೀಗೇ ಆಗುವುದು.

ಹಾಳೆ ಸಿದ್ಧವಾದ ಮೇಲೆ ಅದನ್ನೇ ಪರೀಕ್ಷಿಸಬೇಕಲ್ಲ. ಕೆಲವು ಹೆರಿಗೆಗಳಲ್ಲಿ ಕಣ್ಣಂದಾಜು, ಕೆಲವು ಹೆರಿಗೆಗಳಲ್ಲಿ ಹಾಳೆ. ಹಾಳೆಯ ಲೆಕ್ಕವನ್ನು ಪ್ರಯೋಗಾಲಯದ ನಿಖರ ಅಳತೆಯೊಂದಿಗೂ ಹೋಲಿಸಿದರು, ಅದು ಚೆನ್ನಾಗಿ ತಾಳೆಯಾಯಿತು. ಕಣ್ಣಂದಾಜು ಹಾಳೆಯ ಅಳತೆಗಿಂತ ನೂರಕ್ಕೆ 33ರಷ್ಟು ಕಡಿಮೆ ಬಂತು. ಅಂದರೆ ಮೂರು ಪಾಲು ರಕ್ತ ಹೋದರೆ ಪಳಗಿದ ಕಣ್ಣಿಗೂ ಕಾಣುವುದು ಎರಡೇ ಪಾಲು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಇಡೀ ಕತೆಯ ನಿಜವಾದ ಶೋಧ ಇದು. ಮಾತ್ರೆ ಬೇರೆಯವರದು, ಮಾತ್ರೆಯ ಮೇಲಿನ ಅನುಮಾನವೂ ಬೇರೆಯವರದು. ಬಾಣಂತಿಯ ಸಾವು ನಾವು ಅಂದುಕೊಂಡಷ್ಟು ಇದ್ದಕ್ಕಿದ್ದಂತೆ ಬರುವುದಿಲ್ಲ, ಅದು ಬರುವುದನ್ನು ನೋಡಲು ನಮಗೆ ಬರುತ್ತಿರಲಿಲ್ಲ ಎಂಬುದನ್ನು ಮಿಲಿಲೀಟರಿನಲ್ಲಿ ತೋರಿಸಿಕೊಟ್ಟದ್ದು ಬೆಳಗಾವಿ.

ಇನ್ನು ಮಾತ್ರೆಯ ಪರೀಕ್ಷೆ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ 1,620 ಹೆಂಗಸರು. 812 ಮಂದಿಗೆ ಹೊಕ್ಕುಳಬಳ್ಳಿ ಕತ್ತರಿಸಿದ ಸ್ವಲ್ಪ ಹೊತ್ತಿನಲ್ಲೇ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಹೋಯಿತೆಂದು ಕೊಟ್ಟ ನರ್ಸಮ್ಮನಿಗೂ ಗೊತ್ತಿಲ್ಲ. ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿ ಅರ್ಧ ಲೀಟರಿನ ಗೆರೆ ದಾಟಿದರು, ಮದ್ದಿನ ಗುಂಪಿನಲ್ಲಿ 6.4. ಲೀಟರಿನಷ್ಟು ರಕ್ತ ಹೋದವರು ಅಲ್ಲಿ ನೂರಕ್ಕೆ 1.2, ಇಲ್ಲಿ 0.2. ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಸ್ರಾವ ತಪ್ಪುತ್ತದೆ. ತೊಂದರೆಯೆಂದರೆ ಚಳಿ, ಜ್ವರ, ಅದೂ ಸ್ವಲ್ಪ ಹೊತ್ತು. 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಅಚ್ಚು ಹಾಕಿತು.

ಮದ್ದಿಲ್ಲದ ಮಾತ್ರೆ ಕೊಟ್ಟು ಹೋಲಿಸಿದ್ದು ಸರಿಯೇ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದ್ದು. ಆ ಹಳ್ಳಿಗಳ ಹೆರಿಗೆಗಳಲ್ಲಿ ಆ ಕಾಲಕ್ಕೆ ಗರ್ಭಕೋಶ ಬಿಗಿಸುವ ಯಾವ ಮದ್ದನ್ನೂ ಕೊಡುವ ರೂಢಿ ಇರಲಿಲ್ಲ, ಆದ್ದರಿಂದ ಯಾರಿಂದಲೂ ಏನನ್ನೂ ಕಿತ್ತುಕೊಂಡಂತಾಗಲಿಲ್ಲ ಎಂಬುದು ಇದಕ್ಕೆ ಉತ್ತರ. ಲೆಕ್ಕಕ್ಕೆ ಅದು ಸರಿ. ಓದುವಾಗ ಮಾತ್ರ ಮನಸ್ಸು ಒಂದು ಕ್ಷಣ ಆ 808 ಹೆಂಗಸರ ಹತ್ತಿರ ನಿಲ್ಲುತ್ತದೆ. ಬೆಳಗಾವಿಯ ಸಂಖ್ಯೆಗಳನ್ನು ಇಟ್ಟುಕೊಂಡು ಲೋಕವೆಲ್ಲ ವಾದ ಮಾಡಿತು. ನೈಜೀರಿಯಾ 2006ರಲ್ಲೇ ಈ ಮಾತ್ರೆಗೆ ಹೆರಿಗೆ ಸ್ರಾವದ ಮದ್ದಾಗಿ ಒಪ್ಪಿಗೆ ಕೊಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಬಳಸಬಹುದೆಂದು ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2011ರಲ್ಲಿ. ಗರ್ಭಪಾತಕ್ಕೂ ಬಳಕೆಯಾಗುವ ಮಾತ್ರೆಯನ್ನು ಹಳ್ಳಿ ಕಾರ್ಯಕರ್ತೆಯರ ಕೈಗೆ ಕೊಡಬಹುದೇ ಎಂಬ ಅಂಜಿಕೆ ಬಹಳ ದಿನ ಕಾಲು ಹಿಡಿದೆಳೆಯಿತು.

ನಮ್ಮಲ್ಲಿ ಅಷ್ಟೊತ್ತಿಗೆ ಚಿತ್ರವೇ ಬದಲಾಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಊರೂರಿಗೆ ಆಶಾ ಬಂದಳು, ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಹಣ ಬಂತು, 2008ರಲ್ಲಿ 108 ಆಂಬುಲೆನ್ಸ್ ಬಂತು. 2005-06ರಲ್ಲಿ ಕರ್ನಾಟಕದ ನೂರಕ್ಕೆ 65 ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, 2019-20ರ ಸಮೀಕ್ಷೆಯ ಹೊತ್ತಿಗೆ 97. ತಾಯಂದಿರ ಸಾವು ಲಕ್ಷಕ್ಕೆ 228ರಿಂದ 69ಕ್ಕೆ ಇಳಿಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬರುವಾಗ ಅವರ ವಿದ್ಯೆ ಹಳ್ಳಿಗಳಿಂದ ಹೆಚ್ಚುಕಡಿಮೆ ಎದ್ದೇ ಹೋಗಿತ್ತು. ಮನೆ ಹೆರಿಗೆಗೆಂದು ಬೆಳಗಾವಿಯಲ್ಲಿ ಪರೀಕ್ಷೆಯಾದ ಮಾತ್ರೆಯೂ ಹಾಳೆಯೂ ಮನೆ ಹೆರಿಗೆಯೇ ಇಲ್ಲದ ಕಾಲಕ್ಕೆ ಬಂದು ನಿಂತವು. ಮಾತ್ರೆ ಹೇಗೋ ಉಳಿಯಿತು. ಹಾಳೆಯನ್ನು ಸಂಶೋಧಕರು ಬಿಟ್ಟರೆ ಉಳಿದವರು ಮರೆತರು. ಆಸ್ಪತ್ರೆಗೆ ಬಂದಮೇಲೆ ಇನ್ನೇನು, ಡಾಕ್ಟರಿದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂಬ ಭಾವನೆ. ಆ ಡಾಕ್ಟರೂ ನೋಡುತ್ತಿದ್ದುದು ಕಣ್ಣಂದಾಜಿನಲ್ಲೇ.

ಹಾಳೆಗೆ ಬಿದ್ದ ದೊಡ್ಡ ಪೆಟ್ಟು ಯುರೋಪಿನಿಂದ ಬಂತು. ಹದಿಮೂರು ದೇಶಗಳ ಆಸ್ಪತ್ರೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತ ಅಳೆಯುವ ಚೀಲ ಕೊಟ್ಟರೂ ತೀವ್ರ ಸ್ರಾವ ಕಡಿಮೆಯಾಗಲಿಲ್ಲ ಎಂದಿತು. ಚೀಲ ಬಳಸಿದ ಕಡೆ ನೂರಕ್ಕೆ 1.71, ಬಳಸದ ಕಡೆ 2.06. ಇಷ್ಟು ಅಂತರ ಆಕಸ್ಮಿಕವಾಗಿಯೂ ಬಂದೀತು. ಅಳತೆಯಿಂದ ಉಪಯೋಗವಿಲ್ಲ ಎಂದು ಬಹಳ ಮಂದಿ ಫೈಲು ಮುಚ್ಚಿದರು. ಆದರೆ ಆ ಅಧ್ಯಯನ ಆಸ್ಪತ್ರೆಗಳಿಗೆ ಕೊಟ್ಟದ್ದು ಚೀಲ ಮಾತ್ರ. ಗೆರೆ ದಾಟಿದ ಮೇಲೆ ಯಾರು, ಎಷ್ಟು ಹೊತ್ತಿನಲ್ಲಿ, ಏನು ಮಾಡಬೇಕು ಎಂಬುದನ್ನು ಅದಕ್ಕೆ ಕಟ್ಟಿರಲಿಲ್ಲ.

ಇಲ್ಲಿ ಇನ್ನೊಂದು ಮದ್ದಿನ ಕತೆ ಬಂದು ಸೇರುತ್ತದೆ. ಜಪಾನಿನ ವೈದ್ಯೆ ಉಟಾಕೊ ಒಕಮೊಟೊ ತಮ್ಮ ಗಂಡನೊಂದಿಗೆ ಸೇರಿ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲವನ್ನು ಕಂಡುಹಿಡಿದರು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಮದ್ದು. ಹೆರಿಗೆಯ ಸ್ರಾವಕ್ಕೆ ಇದನ್ನು ಪರೀಕ್ಷಿಸಿ ಎಂದು ಆಕೆ ಕೋಬೆಯ ಹೆರಿಗೆ ವೈದ್ಯರನ್ನು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ 21 ದೇಶಗಳ 20 ಸಾವಿರ ಹೆಂಗಸರ ಮೇಲೆ ಪರೀಕ್ಷೆ ನಡೆಯಿತು, ಬೇಗ ಕೊಟ್ಟರೆ ರಕ್ತ ಹೋಗಿ ಸಾಯುವವರು ಕಡಿಮೆಯಾಗುತ್ತಾರೆ ಎಂದು ರುಜುವಾತಾಯಿತು. ಫಲಿತಾಂಶ ಬಂದದ್ದು 2017ರಲ್ಲಿ. ಒಕಮೊಟೊ 98ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು 2016ರಲ್ಲಿ. ಆ ಪರೀಕ್ಷೆಯಿಂದ ತಿಳಿದ ಇನ್ನೊಂದು ಮಾತು ಈ ಮದ್ದಿಗೆ ತಡ ಆಗಬಾರದು ಎಂಬುದು. ಮೂರು ತಾಸು ದಾಟಿದರೆ ಲಾಭವಿಲ್ಲ. ಬೇಗ ಕೊಡಬೇಕಾದರೆ ಸ್ರಾವ ಬೇಗ ಗೊತ್ತಾಗಬೇಕು. ಹೀಗೆ ಹಾಳೆಯ ಅಗತ್ಯ ಮತ್ತೆ ಬಂತು.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅರಿ ಕುಮಾರಸಾಮಿ, ಯೋನಿಸ್ ಗಾಲೋಸ್ ಮತ್ತು ಆಫ್ರಿಕಾದ ಸಂಶೋಧಕರು ಹಾಳೆಯನ್ನು ಧೂಳು ಕೊಡವಿ ಎತ್ತಿಕೊಂಡರು. ಈ ಬಾರಿ ಅದರ ಜೊತೆಗೆ ಕೆಲಸದ ಕಟ್ಟೊಂದನ್ನು ಸೇರಿಸಿದರು, ಇ-ಮೋಟಿವ್ ಎಂದು ಹೆಸರು. ಹೆರಿಗೆಯಾದ ಕೂಡಲೇ ಹಾಳೆ. ಮೊದಲ ತಾಸಿನಲ್ಲಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ರಕ್ತದ ಮಟ್ಟ, ಗರ್ಭಕೋಶದ ಬಿಗಿ ನೋಡುವುದು, ಒಮ್ಮೆ ನಾಡಿ, ಬಿಪಿ ನೋಡುವುದು. 500ರ ಗೆರೆ ದಾಟಿದರೆ, ಇಲ್ಲವೇ 300 ದಾಟಿ ಬೇರೆ ಲಕ್ಷಣ ಕಂಡರೆ, ಮೇಡಂ ಬರಲಿ ಎಂದು ಕಾಯದೆ, ಹತ್ತಿರವಿರುವ ಮಿಡ್‌ವೈಫ್ ಶುರು ಮಾಡಬೇಕು: ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಹರಿದಿದೆಯೇ ಎಂದು ಪರೀಕ್ಷೆ, ನಿಲ್ಲದಿದ್ದರೆ ಮೇಲಿನವರಿಗೆ ಕರೆ. ಹಿಂದೆಲ್ಲ ಒಂದಾದ ಮೇಲೊಂದು ಕೊಟ್ಟು, ಕೆಲಸ ಮಾಡಿತೋ ಎಂದು ಕಾದು, ಆಮೇಲೆ ಇನ್ನೊಂದು. ಈಗ ಎಲ್ಲವೂ ಒಟ್ಟಿಗೆ, ಹದಿನೈದು ನಿಮಿಷದೊಳಗೆ. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ.

ನಾಲ್ಕು ದೇಶಗಳ 78 ಆಸ್ಪತ್ರೆಗಳಲ್ಲಿ ಹೆತ್ತ 2,10,132 ಹೆಂಗಸರ ಲೆಕ್ಕ 2023ರ ಮೇ ತಿಂಗಳಲ್ಲಿ ಹೊರಬಂತು. ಲೀಟರಿನಷ್ಟು ಸ್ರಾವ, ಸ್ರಾವ ನಿಲ್ಲಿಸಲು ಹೊಟ್ಟೆ ಕೊಯ್ಯುವುದು, ರಕ್ತ ಹೋಗಿ ಸಾವು, ಇವು ಮೂರೂ ಸೇರಿ ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ನೂರಕ್ಕೆ 4.3, ಹಾಳೆ ಮತ್ತು ಕಟ್ಟು ಇದ್ದ ಆಸ್ಪತ್ರೆಗಳಲ್ಲಿ 1.6. ನೂರಕ್ಕೆ ಅರವತ್ತರಷ್ಟು ಇಳಿಕೆ. ಹೊಸ ಮದ್ದು ಒಂದೂ ಇಲ್ಲ ಎಂಬುದನ್ನು ಗಮನಿಸಿ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ: ಹಳೆಯ ಪದ್ಧತಿಯಲ್ಲಿ ಸ್ರಾವವಾದವರ ಪೈಕಿ ಸಿಬ್ಬಂದಿಯ ಗಮನಕ್ಕೆ ಬಂದದ್ದು ನೂರರಲ್ಲಿ 51 ಮಾತ್ರ, ಹಾಳೆ ಇದ್ದ ಕಡೆ 93. ಅಂದರೆ ಆಸ್ಪತ್ರೆಯ ಮಂಚದ ಮೇಲೆ, ನರ್ಸು ಡಾಕ್ಟರ ಎದುರಿಗೇ, ಅರ್ಧದಷ್ಟು ಹೆಂಗಸರ ರಕ್ತ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿತ್ತು. ಶೆಟ್ಟಿಹಳ್ಳಿ ಕಾಡಿನ ಬುಡ್ಡಿ ದೀಪವನ್ನು ದೂರುವ ಹಕ್ಕು ಟ್ಯೂಬ್‌ಲೈಟಿನ ಕೆಳಗಿದ್ದವರಿಗೆ ಇರಲಿಲ್ಲ.

2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಹಾಕಿದ ಹಾಳೆಯನ್ನು ಶಿಫಾರಸು ಮಾಡಿತು. 2025ರ ಅಕ್ಟೋಬರಿನ ಹೊಸ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, 300 ಮಿಲಿಲೀಟರ್ ದಾಟಿ ನಾಡಿ ಅಥವಾ ಬಿಪಿ ಏರುಪೇರಾಗಿದ್ದರೆ 500ಕ್ಕೆ ಕಾಯಬೇಡಿ ಎಂದಿತು. ನಮಗೆ ಈ 300 ಬಹಳ ಮುಖ್ಯ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಬ್ಬಿಣದ ಅದಿರಿಗೂ ಭದ್ರಾವತಿಯ ಉಕ್ಕಿಗೂ ಹೆಸರಾದ ನಾಡಿನ ಹೆಂಗಸರ ರಕ್ತದಲ್ಲಿ ಕಬ್ಬಿಣವಿಲ್ಲ. ತುಂಬಿದ ಮೈಯವಳು ತಡೆದುಕೊಳ್ಳುವ ಅರ್ಧ ಲೀಟರ್ ಇವಳಿಗೆ ತಡೆಯದು.

ಇಲ್ಲಿ ಆಶಾ ಕಾರ್ಯಕರ್ತೆಯ ಪಾತ್ರ ಎಲ್ಲಿ ಎಂದು ಕೇಳಬಹುದು. ಅವಳು ಹೆರಿಗೆ ಮಾಡಿಸುವವಳಲ್ಲ, ಹಾಳೆ ಹಾಸುವವಳೂ ಅಲ್ಲ. ಹಾಳೆಯ ಹತ್ತಿರಕ್ಕೆ ಬಾಣಂತಿಯನ್ನು ಮುಟ್ಟಿಸುವವಳು ಅವಳು. ಬಸುರಿಯನ್ನು ಹುಡುಕಿ ತಾಯಿ ಕಾರ್ಡು ಮಾಡಿಸಿ, ಕಬ್ಬಿಣದ ಮಾತ್ರೆ ನುಂಗಿದಳೋ ಒಲೆಗೆ ಎಸೆದಳೋ ವಿಚಾರಿಸಿ, ರಾತ್ರಿ ಹೊತ್ತು 108ಕ್ಕೆ ಫೋನು ಹಚ್ಚಿ, ಆಮೇಲೆ ಹೆತ್ತ ಮನೆಗೆ 42 ದಿನದವರೆಗೆ ಹೋಗಿ ಬರುವವಳು. ನಮ್ಮ ಮಲೆನಾಡಿನಲ್ಲಂತೂ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆ ತಗಲದಂತೆ ಹಚ್ಚುವ ಎಣ್ಣೆಯ ಬಾಟಲಿಯನ್ನೂ ಅವಳೇ ಮನೆಮನೆಗೆ ಹೊರಬೇಕು. ಆಸ್ಪತ್ರೆಯಿಂದ ಮರುದಿನವೇ ಮನೆಗೆ ಬಂದ ಬಾಣಂತಿಗೆ ಮತ್ತೆ ಸ್ರಾವವಾದರೆ ಮೊದಲು ತಿಳಿಯುವುದು ಅವಳಿಗೆ. ಇಥಿಯೋಪಿಯಾ 2003ರಲ್ಲಿ ಇಂಥದೇ ಕಾರ್ಯಕ್ರಮ ಶುರು ಮಾಡಿದಾಗ ಹಳ್ಳಿಗೆ ಇಬ್ಬರಂತೆ ತೆಗೆದುಕೊಂಡ ಹೆಣ್ಣುಮಕ್ಕಳನ್ನು ತಿಂಗಳ ಸಂಬಳದ ಸರ್ಕಾರಿ ನೌಕರರನ್ನಾಗಿ ಮಾಡಿತು. ನಮ್ಮಲ್ಲಿ ಆಶಾ ಇಂದಿಗೂ ಗೌರವಧನದ ಕಾರ್ಯಕರ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆಶಾಗಳಿಗೆ ಜಾಗತಿಕ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಕೇಳಿದ್ದು ಮಾತ್ರ ತಿಂಗಳ ಗೌರವಧನವನ್ನು. ಬಡದೇಶವೆಂದು ನಾವು ಕರೆಯುವ ಇಥಿಯೋಪಿಯಾ ಇದೊಂದರಲ್ಲಿ ನಮಗಿಂತ ಮುಂದೆ ಯೋಚಿಸಿತು ಎಂದೇ ನನ್ನ ಅಭಿಪ್ರಾಯ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಡ್ರಿಪ್ಪಿನ ದ್ರಾವಣದ ಮೇಲೆ. ಆ ಕಾರಣ ಬೇರೆ, ಇಲ್ಲಿ ಹೇಳುತ್ತಿರುವ ಸ್ರಾವ ಬೇರೆ. ಆದರೆ ಬಾಣಂತಿಯ ಸಾವು ಮನೆಯಿಂದ ಆಸ್ಪತ್ರೆಗೆ ಜಾಗ ಬದಲಿಸಿದೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಹೊಸಿಲು ದಾಟಿಸಿದರೆ ಮುಗಿಯಿತೆಂದು ಇನ್ನು ಯಾರೂ ಹೇಳುವಂತಿಲ್ಲ.

ನಿಮ್ಮ ಮನೆಯ ಹೆಣ್ಣುಮಗಳಿಗೆ ದಿನ ತುಂಬುತ್ತಾ ಬಂದಿದ್ದರೆ ಎರಡು ಕೆಲಸ ಮಾಡಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಬರೆದಿದ್ದಾರೆ ಎಂದು ಓದಿ, 11ಕ್ಕಿಂತ ಕಡಿಮೆಯಿದ್ದರೆ ಆಶಾ ಹತ್ತಿರವೋ ಡಾಕ್ಟರ ಹತ್ತಿರವೋ ಈಗಲೇ ಮಾತಾಡಿ. ಹೆರಿಗೆಗೆ ಸೇರಿಸುವ ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಹೆತ್ತ ಮೇಲೆ ರಕ್ತವನ್ನು ಅಳೆಯುತ್ತೀರಾ, ಅಳೆಯುವ ಹಾಳೆ ನಿಮ್ಮಲ್ಲಿದೆಯೇ ಎಂದು ಸಂಕೋಚಪಡದೆ ಕೇಳಿ. ಕೇಳುವವರು ಹೆಚ್ಚಾದರೆ ತರಿಸುತ್ತಾರೆ. ಅದು ಅಮೆರಿಕದಿಂದ ಬರಬೇಕಾದ ಯಂತ್ರವಲ್ಲ, ಬೆಳಗಾವಿಯಲ್ಲಿ ಹುಟ್ಟಿದ ಪ್ಲಾಸ್ಟಿಕ್ ಚೀಲ.